ಹೊಸ ಮೆದು ಹವಳಕ್ಕೆ ಹೆಸರಿಡುವ ಮುನ್ನ ಬ್ಲೀಚ್ ಬಾಟಲಿಯ ಲೇಬಲ್ ಓದಿ

ನೇತ್ರಾಣಿಗೋ ಅಂಡಮಾನಿಗೋ ಡೈವಿಂಗ್ ಹೋಗಿ ಬಂದವರು ಮೆದು ಹವಳದ ಫೋಟೊ ಕಳಿಸುತ್ತಾರೆ. 'ಇದು ಹೊಸ ಜಾತಿ ಅಲ್ವಾ?' ಎಂದು ಕೇಳುತ್ತಾರೆ. ಫೋಟೊ ನೋಡಿ ಹೇಳುವ ಹಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಸೈನುಲೇರಿಯಾ ಎಂಬ ಒಂದೇ ಕುಲದಲ್ಲಿ 150ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಎಲ್ಲವೂ ತೊಗಲಿನಂಥ ಮೈ, ಬೆರಳು ಬೆರಳಾಗಿ ಎದ್ದ ತುದಿ, ಮಾಸಲು ಕಂದು ಬಣ್ಣದವು. ವ್ಯತ್ಯಾಸ ಇರುವುದು ಮೈಯೊಳಗೆ. ಗಟ್ಟಿ ಹವಳದ ಹಾಗೆ ಇವಕ್ಕೆ ಇಡಿಯ ಅಸ್ಥಿಪಂಜರ ಇಲ್ಲ. ಅದರ ಬದಲು ಮಾಂಸದ ತುಂಬ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಇವೇ ಸ್ಕ್ಲೆರೈಟ್. ಒಂದು ಚೂರನ್ನು ಬೆರಳಲ್ಲಿ ಉಜ್ಜಿದರೆ ರವೆ ತಾಕಿದ ಹಾಗಾಗುತ್ತದೆ.

1. ಅನುಮತಿ ಪತ್ರ ಕೈಗೆ ಬರುವ ತನಕ ನೀರಿಗಿಳಿದು ಏನನ್ನೂ ಕೊಯ್ಯಬೇಡಿ.

2. ಮುಟ್ಟುವ ಮೊದಲು ನೀರೊಳಗೇ ಫೋಟೊ ತೆಗೆಯಿರಿ, ಆಲ್ಕೋಹಾಲಿನಲ್ಲಿ ಬಣ್ಣ ಉಳಿಯುವುದಿಲ್ಲ. ಬೆರಳ ತುದಿಯೊಂದನ್ನೇ ಕಿತ್ತು ತರುವವರಿದ್ದಾರೆ. ಅದು ಸಾಲದು, ಬುಡವೂ ಸೇರಿದ ತುಂಡು ಬೇಕು. ದೊಡ್ಡ ತುಂಡು 70% ಆಲ್ಕೋಹಾಲಿಗೆ, ಡಿಎನ್‌ಎಗಾಗಿ ಉಗುರಿನಷ್ಟು ಚೂರು 95%ಗೆ. ಫಾರ್ಮಲಿನ್ ಮಾತ್ರ ಬೇಡವೇ ಬೇಡ. ಅದು ಬರಬರುತ್ತಾ ಆಮ್ಲವಾಗಿ ಸ್ಕ್ಲೆರೈಟನ್ನು ತಿನ್ನುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. 'ಪರ್ಮನೆಂಟ್' ಮಾರ್ಕರಿನ ಪರ್ಮನೆಂಟು ಆಲ್ಕೋಹಾಲ್ ಸೋಕುವ ತನಕ ಅಷ್ಟೇ.

3. ಜನ ಎಡವುವುದು ಇಲ್ಲಿ. ಸ್ಕ್ಲೆರೈಟ್ ಬೇರ್ಪಡಿಸಬೇಕು.

ಹವಳದ ಐದು ಕಡೆಯಿಂದ ಐದು ಚೂರು ಬೇಕು: ಪಾಲಿಪ್ (ಹೂವಿನ ಹಾಗೆ ಅರಳುವ ಪುಟ್ಟ ಜೀವಿ), ಬೆರಳಿನ ಮೇಲ್ಪದರ, ಬೆರಳಿನ ಒಳಭಾಗ, ಬುಡದ ಮೇಲ್ಪದರ, ಬುಡದ ಒಳಭಾಗ. ಒಂದೊಂದಕ್ಕೂ ಬೇರೆ ಬಟ್ಟಲು, ಬೇರೆ ಬ್ಲೇಡು. ಹಳೇ ಬ್ಲೇಡಿಗೆ ಅಂಟಿದ ನಾಲ್ಕು ಹರಳು ಇನ್ನೊಂದು ಬಟ್ಟಲಿಗೆ ಹೋದರೆ, ಇಲ್ಲದ ಲಕ್ಷಣ ನಿಮ್ಮ ವಿವರಣೆಯಲ್ಲಿ ಬಂದು ಕೂರುತ್ತದೆ. ಅಕ್ಕಿಕಾಳಿನಷ್ಟು ಚೂರು ಸಾಕು.

ಮೇಲೆ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಹನಿಸಿ. ಪ್ರಯೋಗಾಲಯದಲ್ಲಿ 10% ಬಳಸುತ್ತಾರೆ. ಅಂಗಡಿಯ 4–5% ಕೂಡ ನಡೆಯುತ್ತದೆ, ಸ್ವಲ್ಪ ತಡ ಅಷ್ಟೇ. ಆದರೆ ಸುವಾಸನೆಯದ್ದು, ಗಟ್ಟಿ ಜೆಲ್‌ನಂಥದ್ದು ಬೇಡ. ಆ ಅಂಟು ತೊಳೆದು ಮುಗಿಯುವುದಿಲ್ಲ. ಒಮ್ಮೆ ಒಬ್ಬ ಹುಡುಗ ಅವಸರದಲ್ಲಿ ಬ್ಲೀಚ್ ಬದಲು ಟಾಯ್ಲೆಟ್ ಕ್ಲೀನರ್ ಸುರಿದ. ಬುಸ್ಸೆಂದು ನೊರೆ ಬಂತು, ನೀರು ತಿಳಿಯಾಯಿತು, 'ಎಷ್ಟು ಕ್ಲೀನ್ ಆಯ್ತು ನೋಡಿ ಮೇಡಂ' ಅಂದ. ಕ್ಲೀನ್ ಆಗದೆ ಏನು, ಅದರಲ್ಲಿರುವ ಆಸಿಡ್ ಸುಣ್ಣವನ್ನೆಲ್ಲ ಕರಗಿಸಿತ್ತು! ಅದನ್ನೂ ಬ್ಲೀಚನ್ನೂ ಬೆರೆಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಒಂದೇ ಕಪಾಟಿನಲ್ಲಿ ಇಡಲೇಬೇಡಿ.

ಬ್ಲೀಚಿನಲ್ಲಿ ಗುಳ್ಳೆ ನಿಂತು, ಮಾಂಸ ಕರಗಿ, ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಕಲಕಬೇಡಿ. ಮೇಲಿನ ನೀರನ್ನು ಡ್ರಾಪರಿನಿಂದ ತೆಗೆದು ಬಟ್ಟಿ ಇಳಿಸಿದ ನೀರು ಹಾಕಿ, ಮತ್ತೆ ಕೂರಲು ಬಿಡಿ. ಹೀಗೆ ಐದು ಸಲ. ಎರಡು ಸಲಕ್ಕೇ ಮುಗಿಸಿದರೆ ಉಪ್ಪು ಉಳಿದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೌಕಚೌಕ ಹರಳಾಗಿ ಕಾಣುತ್ತದೆ. ಅದನ್ನು 'ವಿಶಿಷ್ಟ ಸ್ಕ್ಲೆರೈಟ್' ಎಂದು ಬರೆದ ಕರಡನ್ನು ನಾನೇ ತಿದ್ದಿದ್ದೇನೆ. ಕೊನೆಗೆ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿ.

ಈಗ ಸೂಕ್ಷ್ಮದರ್ಶಕದಲ್ಲಿ ನೋಡಿ. ಸೈನುಲೇರಿಯಾದ ಮೇಲ್ಪದರದಲ್ಲಿ ಗದೆಗಳು ಕಾಣುತ್ತವೆ, ಥೇಟ್ ಭೀಮನ ಗದೆ. ಉದ್ದ 0.1, 0.2 ಮಿ.ಮೀ. ಆಸುಪಾಸು. ಗದೆಯ ತಲೆಯ ನಡುವೆ ಒಂದು ಗಂಟು ಇದೆಯೋ ಇಲ್ಲವೋ, ಅದನ್ನು ಬರೆದುಕೊಳ್ಳಿ. ಒಳಭಾಗದಲ್ಲಿ ಕದಿರಿನಾಕಾರದವು, ಮೈತುಂಬ ಗುಬುಟು, ಹಾಗಲಕಾಯಿಯ ಹಾಗೆ. ಕೆಲವು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಅಳತೆಯ ಸರಾಸರಿ ಒಂದನ್ನೇ ಕೊಟ್ಟರೆ ಪ್ರಯೋಜನವಿಲ್ಲ, ಇಷ್ಟರಿಂದ ಇಷ್ಟು ಎಂದು ಕೊಡಿ. ಚಿತ್ರದಲ್ಲಿ ಅಳತೆಗೆರೆ ಇರಲಿ. 'ಇಷ್ಟು ಪಟ್ಟು ದೊಡ್ಡದು' ಎನ್ನುವುದು ಪುಟದ ಗಾತ್ರ ಬದಲಾದ ಕೂಡಲೇ ಸುಳ್ಳಾಗುತ್ತದೆ.

4. ಈಗಾಗಲೇ ಹೆಸರಿಟ್ಟ ಹಳೆಯ ಜಾತಿಗಳ ಜೊತೆ ಹೋಲಿಸಿ. ಕೆಂಪು ಸಮುದ್ರದ ಸೈನುಲೇರಿಯಾ ಲೆಪ್ಟೋಕ್ಲಾಡೋಸ್‌ಗೆ ಜರ್ಮನಿಯ ಜೀವವಿಜ್ಞಾನಿ ಎರೆನ್‌ಬರ್ಗ್ ಹೆಸರಿಟ್ಟಿದ್ದು 1834ರಲ್ಲಿ. ಆ ಕಾಲದ ವಿವರಣೆಗಳು ತೀರಾ ಚುಟುಕು. 1980ರಲ್ಲಿ ಡಚ್ ತಜ್ಞ ವರ್ಸೆವೆಲ್ಟ್ ಈ ಇಡೀ ಕುಲವನ್ನು ಮರುಪರಿಶೀಲಿಸಿದ್ದು ಅದಕ್ಕೇ. ಚಿತ್ರ ನೋಡಿ ಸಮಾಧಾನ ಆಗದಿದ್ದರೆ ಮ್ಯೂಸಿಯಂನಿಂದ ಮೂಲ ಮಾದರಿಯನ್ನೇ, ಅಂದರೆ ಯಾವುದನ್ನು ನೋಡಿ ಹೆಸರಿಟ್ಟರೋ ಅದನ್ನೇ, ತರಿಸಿ ನೋಡಿ.

5. ಡಿಎನ್‌ಎ ಮಾಡಿಸಿ, ಆದರೆ ಸುಮ್ನೆ ಅದನ್ನೇ ನಂಬಿ ಕೂರಬೇಡಿ. ಈ ಹವಳಗಳ ಮೈಟೊಕಾಂಡ್ರಿಯಾದ ಡಿಎನ್‌ಎ ಬಲು ನಿಧಾನವಾಗಿ ಬದಲಾಗುತ್ತದೆ. ಎರಡು ಬೇರೆ ಜಾತಿಗಳ ಬಾರ್‌ಕೋಡ್ (ಜಾತಿ ಗುರುತಿಸಲು ಓದುವ ಡಿಎನ್‌ಎ ತುಣುಕು) ಒಂದೇ ಬರಬಹುದು. ಎಂಟಿಮಟ್‌ಎಸ್ ಎಂಬ ಮೈಟೊಕಾಂಡ್ರಿಯಾದ ಜೀನ್ ಜೊತೆ 28ಎಸ್ ಎಂಬ ಕೋಶಕೇಂದ್ರದ ಜೀನ್ ಕೂಡ ಇರಲಿ.

6. ಹೆಸರು. ಸೈನುಲೇರಿಯಾ ಸ್ತ್ರೀಲಿಂಗ, ಜಾತಿಯ ಹೆಸರು ವಿಶೇಷಣವಾಗಿದ್ದರೆ ಅದಕ್ಕೆ ಹೊಂದಬೇಕು. ನಿಮ್ಮ ಹೆಸರನ್ನೇ ಇಡಲು ನಿಯಮದ ಅಡ್ಡಿ ಇಲ್ಲ, ಮರ್ಯಾದೆಯ ಅಡ್ಡಿ ಇದೆ. 2000ದಿಂದ ಈಚೆಗೆ ಮುಖ್ಯ ಮಾದರಿ ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ಬರೆಯದಿದ್ದರೆ ಹೆಸರು ಸಿಂಧುವಲ್ಲ. ಆನ್‌ಲೈನ್‌ನಲ್ಲಷ್ಟೇ ಪ್ರಕಟವಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ನಮ್ಮ ದೇಶದ್ದಾದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿ ಒಪ್ಪಿಸಬೇಕು. ಉಳಿದ ಬಿಳಿ ಪುಡಿಯನ್ನು ಚೆಲ್ಲಬೇಡಿ. ಪುಟ್ಟ ಸೀಸೆಗೆ ಹಾಕಿ, ಅದೇ ನಂಬರ್ ಬರೆದು, ಮಾದರಿಯ ಜೊತೆಗೇ ಕಳಿಸಿ. ನಂಬರು ಪೆನ್ಸಿಲ್‌ನಲ್ಲೇ.