ಪಾಲಿಸಿಯಲ್ಲಿ ಯಾವುದಕ್ಕೆ ದುಡ್ಡು ಬರಲ್ಲ: ನಾನು ಓದುವ ರೀತಿ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮನೆಯವರ ಹೆಲ್ತ್ ಇನ್ಶೂರೆನ್ಸ್ ನೋಡಿಕೊಳ್ಳುತ್ತಾ ಈಗ ಮಿಲ್ಲಿನವರು, ಓಣಿಯವರು ಕೂಡ ಪಾಲಿಸಿ ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ, "ಎಷ್ಟು ಲಕ್ಷದ್ದು ಮಾಡಸ್ಲಿ?" ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಕಂಪನಿ ಯಾವುದಕ್ಕೆ ದುಡ್ಡು ಕೊಡಲ್ಲ ಅಂತ ಬರೆದಿರುವ ಪುಟಗಳನ್ನು.

ಏಜೆಂಟ್ ಕೊಡುವ ಬಣ್ಣದ ಹಾಳೆಯಲ್ಲಿ ಅದು ಪೂರ್ತಿ ಇರಲ್ಲ. 'ಪಾಲಿಸಿ ವರ್ಡಿಂಗ್' ಅಂತ ಉದ್ದನೆಯ ಪಿಡಿಎಫ್ ಇರುತ್ತದೆ, ಅದನ್ನು ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳುತ್ತೇನೆ. ಹೀಗೆ ದುಡ್ಡು ಬರದವಕ್ಕೆ ಎಕ್ಸ್‌ಕ್ಲೂಷನ್ ಅನ್ನುತ್ತಾರೆ. ಮುಖ್ಯವಾದ ಎಕ್ಸ್‌ಕ್ಲೂಷನ್‌ಗಳ ಮಾತನ್ನು ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಎಲ್ಲಾ ಕಂಪನಿಗಳಿಗೂ ಒಂದೇ ಥರ ಮಾಡಿ, 01ರಿಂದ 18ರ ತನಕ ಕೋಡ್ ಕೊಟ್ಟಿದೆ. ಹಾಗಾಗಿ ಒಂದು ಪಾಲಿಸಿ ಓದಿದವರಿಗೆ ಇನ್ನೊಂದು ಸಲೀಸು. ಸಿಐಎಸ್ ಅಂತ ಒಂದು ಸಣ್ಣ ಮಾಹಿತಿ ಹಾಳೆಯೂ ಬರುತ್ತದೆ, ಅದನ್ನು ಕನ್ನಡದಲ್ಲೇ ಕೊಡಿ ಅಂತ ಕೇಳಿ ಪಡೆಯಬಹುದು.

ಪೆನ್ಸಿಲ್ ಹಿಡಿದು ಎರಡು ಗುರುತು ಹಾಕುತ್ತೇನೆ. ಕಾಯ್ದರೆ ಮುಂದೆ ಸಿಗುವಂಥವಕ್ಕೆ ಒಂದು, ಎಂದೂ ಸಿಗದವಕ್ಕೆ ಇನ್ನೊಂದು. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ದುಡ್ಡಿಲ್ಲ. ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಸ್ಟೋನ್, ಕಣ್ಣಿನ ಪೊರೆ, ಮೊಣಕಾಲು ಬದಲಾವಣೆ ಇವಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು, ಕೆಲವು ಪಾಲಿಸಿಗಳಲ್ಲಿ 3. ಮೊದಲೇ ಇದ್ದ ಶುಗರ್, ಬಿಪಿಯಂಥವಕ್ಕೆ ಜಾಸ್ತಿ ಅಂದರೆ 3 ವರ್ಷ. ಮೊದಲು ಇದು 4 ಇತ್ತು, 2024ರಲ್ಲಿ ಇಳಿಸಿದರು.

ನಮ್ಮ ಮಿಲ್ಲಿನ ಹಮಾಲರೊಬ್ಬರು ಹರ್ನಿಯಾ ಆಪರೇಷನ್‌ಗೆ ಅಂತಲೇ ಪಾಲಿಸಿ ಮಾಡಿಸಲು ಹೊರಟಿದ್ದರು. ಆ ಸಾಲು ತೆಗೆದು ಓದಿ ಹೇಳಿದೆ. ಅವರ ಹತ್ತಿರ ಬಿಪಿಎಲ್ ಕಾರ್ಡ್ ಇತ್ತು. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಕಾಯುವ ಷರತ್ತು ಇಲ್ಲ, ಹಾಗಾಗಿ ಮೊದಲು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ತೋರಿಸಿ ಅಂತ ಕಳಿಸಿದೆ.

ಅಪ್ಪನ ಫಾರ್ಮ್ ತುಂಬುವಾಗ ಏಜೆಂಟ್, "ಶುಗರ್ ಬರಿಬ್ಯಾಡ್ರಿ, ಪ್ರೀಮಿಯಂ ಜಾಸ್ತಿ ಆಗ್ತೈತಿ" ಅಂದರು. ನಾನು ಶುಗರ್ ಪತ್ತೆಯಾದ ವರ್ಷ, ಮಾತ್ರೆಯ ಹೆಸರು ಎಲ್ಲಾ ಬರೆಸಿದೆ. ಮುಚ್ಚಿಟ್ಟರೆ 5 ವರ್ಷದ ತನಕ ಅದೇ ಕಾರಣ ಹಿಡಿದು ಕ್ಲೇಮ್ ತಿರಸ್ಕರಿಸಬಹುದು, ಆಮೇಲೂ ಮೋಸ ಅಂತ ಸಾಬೀತಾದರೆ ಬಿಡಲ್ಲ. ಹೇಳಿಬಿಟ್ಟರೆ ಕಾಯುವ ಲೆಕ್ಕ ಅವತ್ತಿನಿಂದಲೇ ಶುರು. ಸ್ವಲ್ಪ ಜಾಸ್ತಿ ಪ್ರೀಮಿಯಂ ಕಟ್ಟುವುದು ನನ್ನ ಲೆಕ್ಕದಲ್ಲಿ ಲಾಭವೇ.

ಇದರ ಇನ್ನೊಂದು ತುದಿ ಡಿಸ್ಚಾರ್ಜ್ ಸಮ್ಮರಿ, ಅಂದರೆ ಆಸ್ಪತ್ರೆಯಿಂದ ಬಿಡುವಾಗ ಕೊಡುವ ವರದಿ. ನಮ್ಮ ಓಣಿಯ ಒಬ್ಬ ಅಮ್ಮನನ್ನು ರಾತ್ರಿ ಅಡ್ಮಿಟ್ ಮಾಡಿದಾಗ ಡ್ಯೂಟಿ ಡಾಕ್ಟರ್ ಶುಗರ್ ಯಾವಾಗಿನಿಂದ ಅಂತ ಕೇಳಿದ್ದಾರೆ, ಸುಸ್ತಾಗಿದ್ದ ಅವರು "ಭಾಳ ವರ್ಷ ಆತ್ರಿ" ಅಂದಿದ್ದಾರೆ, ಕೇಸ್ ಶೀಟಿನಲ್ಲಿ 10 ವರ್ಷ ಅಂತ ಬಿದ್ದಿದೆ. ನಿಜವಾಗಿ ಪತ್ತೆಯಾಗಿದ್ದು ಪಾಲಿಸಿ ಮಾಡಿಸಿದ ಮೇಲೆ. ಮಗ ಮೊದಲ ರಿಪೋರ್ಟ್, ಮೊದಲ ಚೀಟಿ ಜೋಪಾನ ಮಾಡಿದ್ದ. ಅದನ್ನು ತೋರಿಸಿ ಮನೆಗೆ ಹೊರಡುವ ಮುಂಚೆಯೇ ದೊಡ್ಡ ಡಾಕ್ಟರಿಂದ ತಿದ್ದಿಸಿ ಸಹಿ ಹಾಕಿಸಿಕೊಂಡೆವು. ಕುಡಿತದ ಬಗ್ಗೆ ಬರೆದದ್ದನ್ನೂ ಹೀಗೇ ನೋಡಿಕೊಳ್ಳಿ, ಕುಡಿತದ ಚಟಕ್ಕೂ ಅದರಿಂದ ಬಂದ ಕಾಯಿಲೆಗೂ ಸಾಮಾನ್ಯವಾಗಿ ದುಡ್ಡು ಬರಲ್ಲ. ಸುಳ್ಳು ಬರೆಸಬೇಡಿ, ತಪ್ಪು ಬಿದ್ದಿದ್ದರೆ ಮಾತ್ರ ಅಲ್ಲೇ ಸರಿಮಾಡಿಸಿ.

ಸೌಂದರ್ಯಕ್ಕೆ ಮಾಡಿಸುವ ಸರ್ಜರಿ, ಮಕ್ಕಳಾಗಲು ಚಿಕಿತ್ಸೆ, 7.5ಕ್ಕಿಂತ ಕಡಿಮೆ ಪವರಿನ ಕನ್ನಡಕ ಬಿಡಿಸುವ ಲೇಸರ್ ಇವೆಲ್ಲಾ ಹೊರಗೇ. ಹೆರಿಗೆಯೂ ಹೊರಗೆ, ಬೇಕಿದ್ದರೆ ಅದಿರುವ ಪಾಲಿಸಿಯನ್ನೇ ಹುಡುಕಬೇಕು. ನಮ್ಮ ಕಡೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಕೋಡ್ 04ರಲ್ಲಿ. "ಇನ್ಶೂರೆನ್ಸ್ ಐತಲ್ಲ, ಎರಡು ದಿನ ಅಡ್ಮಿಟ್ ಆಗಿ ಎಲ್ಲಾ ಟೆಸ್ಟ್ ಮಾಡಿಸಿಬಿಡೋಣ" ಅಂತಾರಲ್ವಾ, ಬರೀ ಪರೀಕ್ಷೆಗೆ ಅಂತ ಮಲಗಿದ್ದಕ್ಕೆ ಬರಲ್ಲ. ಸಣ್ಣ ನರ್ಸಿಂಗ್ ಹೋಮ್ ಆದರೆ ಅದರ ರಿಜಿಸ್ಟ್ರೇಷನ್ ವಿಚಾರಿಸಿ. ರಿಜಿಸ್ಟ್ರೇಷನ್ ಇಲ್ಲದಿದ್ದರೆ, 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಬೆಡ್, ಇಡೀ ದಿನ ಡಾಕ್ಟರ್, ನರ್ಸ್, ಸ್ವಂತ ಆಪರೇಷನ್ ಥಿಯೇಟರ್ ಇರಬೇಕು. ಬಳ್ಳಾರಿ, ರಾಯಚೂರು, ನಮ್ಮ ಗಂಗಾವತಿ ಎಲ್ಲಾ ಈ ಲೆಕ್ಕಕ್ಕೇ ಬರುತ್ತವೆ.

ರೂಮ್ ಬಾಡಿಗೆ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಇರಲ್ಲ, ಆದರೆ ಜೇಬಿಗೆ ಬೀಳುವ ಕತ್ತರಿ ಅದೇ. 3 ಲಕ್ಷದ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ ಪಾಲಿಸಿ ಮೊತ್ತದ ಶೇ. 1ರ ಮಿತಿ ಅಂತಿದ್ದರೆ 3,000 ರೂಪಾಯಿ. ನೀವು 6,000ದ ರೂಮ್ ಹಿಡಿದರೆ ಬರೀ ಮೇಲಿನ 3,000 ಹೋಗಲ್ಲ, ಡಾಕ್ಟರ್ ಫೀಸು, ಥಿಯೇಟರ್ ಚಾರ್ಜ್ ಕೂಡ ಅರ್ಧ ಆಗಬಹುದು. ಅಂದರೆ ಅವೆರಡು ಸೇರಿ 80,000 ಆದರೆ ಬರುವುದು 40,000. ಔಷಧಿ, ಇಂಪ್ಲಾಂಟ್, ಟೆಸ್ಟುಗಳ ಬಿಲ್ಲಿಗೆ ಹೀಗೆ ಕತ್ತರಿ ಹಾಕುವಂತಿಲ್ಲ. ಹಾಕಿದ್ದರೆ ಕೇಳಿ, ನಾನು ಬಿಲ್ಲಿನ ಪ್ರತಿ ಸಾಲಿನ ಎದುರಿಗೆ ಬರೆದು ಇಮೇಲ್ ಮಾಡುತ್ತೇನೆ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯ ಇರುತ್ತದೆ, ಓದಿ ಸರಿ ಕಾಣದಿದ್ದರೆ ವಾಪಸ್ ಕೊಡಬಹುದು. ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಮೇಲೆ ಅಂತ ಪತ್ರದಲ್ಲಿ ಹೇಳಬೇಕು. ಹೇಳಿಲ್ಲ ಅಂದರೆ ಮೊದಲು ಅದನ್ನೇ ಕೇಳಿ. ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಇಂಥ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಫೀಸ್ ಇಲ್ಲ, ವಕೀಲರು ಬೇಕಿಲ್ಲ, ದೂರನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು.