ಮಳೆಯ ಲೆಕ್ಕಕ್ಕೊಂದು ಕಾವಲು

ಮಡಿಕೇರಿಯ ಕಚೇರಿಯೊಂದು ತನ್ನಲ್ಲಿರುವ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ದತ್ತಾಂಶವಾಗಿ ಪ್ರಕಟಿಸಲು ಮುಂದಾದಾಗ, ಅದರ ಯೋಜನೆ ಮತ್ತು ಮೇಲ್ವಿಚಾರಣೆಯ ತಾಂತ್ರಿಕ ಕೆಲಸ ನನ್ನ ಪಾಲಿಗೆ ಬಂತು. ಯಾವ ತಂತ್ರಾಂಶ ಹಾಕೋಣ ಎಂಬ ಪ್ರಶ್ನೆಯನ್ನು ಮೊದಲ ಎರಡು ತಿಂಗಳು ನಾನು ಬೇಕೆಂದೇ ಮುಂದೂಡಿದೆ. ಬದಲಿಗೆ ಒಂದು ಸ್ಪ್ರೆಡ್‌ಶೀಟ್ ತೆರೆದು, ಯಾವ ದತ್ತಾಂಶ ಯಾರ ಬಳಿ ಇದೆ, ಯಾವ ರೂಪದಲ್ಲಿದೆ, ಅದರಲ್ಲಿ ವೈಯಕ್ತಿಕ ವಿವರಗಳಿವೆಯೇ, ಎಷ್ಟು ದಿನಕ್ಕೊಮ್ಮೆ ಹೊಸದಾಗುತ್ತದೆ ಎಂದು ಪಟ್ಟಿ ಮಾಡುತ್ತಾ ಹೋದೆ. ಕೊನೆಯ ಅಂಕಣವನ್ನು ತುಂಬುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಳೆಯ ದಾಖಲೆ ನೋಡಿಕೊಳ್ಳುತ್ತಿದ್ದ ಗುಮಾಸ್ತರೊಬ್ಬರು, "ಬರೆಯುವುದು ದಿನಾ ಬರೆಯುತ್ತೇವೆ ಸಾರ್, ಕಳಿಸುವುದು ಕೇಳಿದಾಗ" ಎಂದರು. ಆ ಮಾತಿನ ನಂತರ ಒಂದು ಅಂಕಣ ಎರಡಾಯಿತು: ದಾಖಲಾಗುವ ಅವಧಿ ಒಂದು, ಪ್ರಕಟವಾಗುವ ಅವಧಿ ಇನ್ನೊಂದು.

ಪಟ್ಟಿ ಗಟ್ಟಿಯಾದ ಮೇಲೆ, ದತ್ತಾಂಶದ ಕಡತಗಳನ್ನು ಜಾಲತಾಣದಲ್ಲಿ ಪ್ರಕಟಿಸುವ ಸಿಕ್ಯಾನ್ (CKAN) ತಂತ್ರಾಂಶವನ್ನು ಆರಿಸಿಕೊಂಡೆವು. ಅದು ಮುಕ್ತ ಆಕರದ್ದು, ಅಂದರೆ ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಬ್ರಿಟನ್ ಮತ್ತು ಅಮೆರಿಕದ ಸರ್ಕಾರಿ ದತ್ತಾಂಶ ತಾಣಗಳಲ್ಲೂ ಬಳಕೆಯಾಗಿರುವಂಥದ್ದು. ಪ್ರತಿ ಕಡತದ ವಿವರದಲ್ಲಿ ಪ್ರಕಟಣೆಯ ಅವಧಿಗೆ ಪ್ರತ್ಯೇಕ ಕ್ಷೇತ್ರವೊಂದನ್ನು ಸೇರಿಸಿ, ಅದರ ಹೆಸರನ್ನು ದತ್ತಾಂಶಗಳನ್ನು ವಿವರಿಸಲು 2014ರಲ್ಲಿ ಶಿಫಾರಸಾದ ಡಿಕ್ಯಾಟ್ (DCAT) ಎಂಬ ಪ್ರಮಾಣಿತ ಶಬ್ದಾವಳಿಗೆ ಹೊಂದಿಸಿದೆವು. ಹೊಸ ತಾಲ್ಲೂಕುಗಳಾದ ಪೊನ್ನಂಪೇಟೆ ಮತ್ತು ಕುಶಾಲನಗರ ಹಳೆಯ ಕಡತಗಳಲ್ಲಿ ಇರಲಿಲ್ಲ. ವಿರಾಜಪೇಟೆಯಂತೂ ಎರಡು ಕಾಗುಣಿತಗಳಲ್ಲಿತ್ತು. ಆದ್ದರಿಂದ ಊರುಗಳನ್ನು ಹೆಸರಿನ ಬದಲು ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯ ಸಂಕೇತಗಳಿಂದ ಗುರುತಿಸಿದೆವು.

ನಿಜವಾದ ಪಾಠ ಕಲಿಸಿದ್ದು ಮಳೆಯ ಕಡತ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ಹೇಳುವುದು ರೂಢಿ. ನೂರು ಸೆಂಟ್ ಸೇರಿದರೆ ಒಂದು ಇಂಚು. ಹಳೆಯ ಪುಸ್ತಕಗಳಲ್ಲಿ ಎರಡು ಇಂಚು ಐದು ಸೆಂಟನ್ನು 2-5 ಎಂದು ಬರೆದಿದ್ದರು. ಅದನ್ನು ನಕಲು ಮಾಡುವಾಗ ಕೆಲವರು 2.5 ಎಂದು ಟೈಪ್ ಮಾಡಿದರು. ಇನ್ನು ಕೆಲವರು ಪುಸ್ತಕದಲ್ಲಿದ್ದಂತೆಯೇ 2-5 ಎಂದು ಹೊಡೆದಾಗ ಸ್ಪ್ರೆಡ್‌ಶೀಟ್ ತಾನಾಗಿಯೇ ಅದನ್ನು ಮೇ 2 ಎಂಬ ದಿನಾಂಕವಾಗಿಸಿತು. ಸರಿಯಾದ ಲೆಕ್ಕ 2.05 ಇಂಚು, ಅಂದರೆ ಸುಮಾರು 52 ಮಿಲಿಮೀಟರ್. ತಪ್ಪಾಗಿ ಓದಿದರೆ ಅದೇ ಮಳೆ 63.5 ಮಿಲಿಮೀಟರ್ ಆಗುತ್ತದೆ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಇಂಥ ವ್ಯತ್ಯಾಸವನ್ನು ಸಣ್ಣದೆಂದು ಬಿಡಲು ನನಗೆ ಮನಸ್ಸಾಗಲಿಲ್ಲ. ಕಡತಗಳಲ್ಲಿನ ತಪ್ಪು ಹುಡುಕುವ ಫ್ರಿಕ್ಷನ್‌ಲೆಸ್ ಎಂಬ ತಂತ್ರಾಂಶ ಸಾಧನದಲ್ಲಿ ಪ್ರತಿ ಅಂಕಣಕ್ಕೂ ನಿಯಮ ಬರೆಯಬಹುದು. ಇಂಚಿಗೂ ಸೆಂಟಿಗೂ ಬೇರೆಬೇರೆ ಅಂಕಣ ಮಾಡಿ, ಸೆಂಟ್ 0ಯಿಂದ 99ರೊಳಗಿನ ಪೂರ್ಣಾಂಕವಾಗಿರಬೇಕೆಂದು ವಿಧಿಸಿ, ಮಿಲಿಮೀಟರಿಗೆ ಪರಿವರ್ತಿಸುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸಿದೆ. ದಿನಾಂಕವಾಗಿ ಬದಲಾಗಿದ್ದ ಸಾಲುಗಳು ಮೊದಲ ಪರೀಕ್ಷೆಯಲ್ಲೇ ಸಿಕ್ಕಿಬಿದ್ದವು. 2.5 ಎಂದು ಬರೆದಿದ್ದ ಸಾಲುಗಳನ್ನು ಮಾತ್ರ ಮೂಲ ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡಬೇಕಾಯಿತು, ಏಕೆಂದರೆ ಯಂತ್ರದ ಕಣ್ಣಿಗೆ ಅದು ನಿರ್ದೋಷವಾದ ಸಂಖ್ಯೆ.

ಕಡತಗಳು ಹೊತ್ತಿಗೆ ಸರಿಯಾಗಿ ಹೊಸದಾಗುತ್ತಿವೆಯೇ ಎಂಬ ಮೇಲ್ವಿಚಾರಣೆಗೆ ನಾನು ಬರೆದದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಸಣ್ಣ ಪ್ರೋಗ್ರಾಮ್. ಅದು ಪ್ರತಿದಿನ ಸಿಕ್ಯಾನಿನಿಂದ ಕಡತ ಬದಲಾದ ದಿನಾಂಕವನ್ನು ಕೇಳಿ, ಒಪ್ಪಿಕೊಂಡ ಅವಧಿಯೊಂದಿಗೆ ಹೋಲಿಸಿ, ತಡವಾಗಿದ್ದರೆ ಕೆಂಪು ಗುರುತು ತೋರಿಸುತ್ತಿತ್ತು. (ರಾತ್ರಿ ಓಡಿಸುತ್ತಿದ್ದ ಅದನ್ನು ಬೆಳಗಿನ ಹತ್ತಕ್ಕೆ ಬದಲಿಸಿದ್ದು ಮಳೆಗಾಲದ ವಿದ್ಯುತ್ತಿಗೆ ತಲೆಬಾಗಿ.) ಕೆಲವು ವಾರ ಎಲ್ಲವೂ ಹಸಿರಾಗಿಯೇ ಇತ್ತು, ಆ ಹಸಿರೇ ನನಗೆ ಅನುಮಾನ ತಂದಿತು. ತೆರೆದು ನೋಡಿದರೆ, ಯಾರೋ ವಿವರಣೆಯಲ್ಲಿನ ಅಕ್ಷರದೋಷವನ್ನು ತಿದ್ದಿದ್ದಕ್ಕೂ ದಿನಾಂಕ ಹೊಸದಾಗುತ್ತಿತ್ತು. ಒಳಗಿನ ಮಳೆ ಲೆಕ್ಕ ಮಾತ್ರ ಎರಡು ತಿಂಗಳು ಹಿಂದೆಯೇ ನಿಂತಿತ್ತು. ಅಂದಿನಿಂದ ಪ್ರೋಗ್ರಾಮ್ ಹೊರಗಿನ ದಿನಾಂಕವನ್ನು ಬಿಟ್ಟು, ಕಡತದ ಕೊನೆಯ ಸಾಲು ಯಾವ ದಿನದ್ದೆಂದು ಓದುತ್ತದೆ.

ಅದರಿಂದ ಇನ್ನೊಂದು ತೊಡಕು ಹುಟ್ಟಿತು. ಬೇಸಿಗೆಯಲ್ಲಿ ಮಳೆ ಬಾರದ ದಿನ ಸಾಲನ್ನೇ ಬರೆಯದಿರುವುದು ಹಲವರ ಅಭ್ಯಾಸ, ಹಾಗಾಗಿ ಫೆಬ್ರವರಿ ಇಡೀ ಕೆಂಪಾಯಿತು. ಕಾಫಿ ಗಿಡಗಳನ್ನು ಹೂಬಿಡಿಸುವ ಹೂಮಳೆಗಾಗಿ ಕಾಯುವ ಬೆಳೆಗಾರರಿಗೆ ಮಳೆ ಬರಲಿಲ್ಲವೆಂಬುದೂ ಮಾಹಿತಿಯೇ ಎಂದು ವಿವರಿಸಿ, ಸೊನ್ನೆಯನ್ನು ಬರೆಯುವಂತೆ ಎಲ್ಲರನ್ನೂ ಒಪ್ಪಿಸಲು ಒಂದು ಸಭೆ ಮತ್ತು ಅನೇಕ ದೂರವಾಣಿ ಕರೆಗಳು ಬೇಕಾದವು. ಮಳೆ ಅಳೆಯುವ ಒಂದು ಕೇಂದ್ರದ ಲೆಕ್ಕ ಈಗಲೂ ಹಾಳೆಯಲ್ಲಿ ಬರೆದು ಬಸ್ಸಿನಲ್ಲಿ ಬರುತ್ತದೆ. ಅದಕ್ಕೆಂದೇ ಕೆಂಪು ಗುರುತಿಗೆ ಮೂರು ದಿನಗಳ ವಿನಾಯಿತಿ ಇಟ್ಟಿದ್ದೇನೆ.