ಮಡಕೆ ನೀರು ತಣ್ಣಗಾಗಲ್ಲ ಅಂತ ನನ್ನ ಹತ್ತಿರ ಹೇಳಬೇಡಿ

ಹೋದ ಬೇಸಿಗೆಯಲ್ಲಿ ನನ್ನ ಸೊಸೆ ಒಂದು ಮಣ್ಣಿನ ಮಡಕೆ ತಂದಳು. ಕೆಳಗೆ ಸ್ಟೀಲಿನದೊಂದು ನಲ್ಲಿ, ಹೊಟ್ಟೆಯ ಸುತ್ತ ಕೈ ಕೈ ಹಿಡಿದು ಕುಣಿಯುವ ವರ್ಲಿ ಗೊಂಬೆಗಳು, ಮೇಲೆ ಫಳಫಳ ಅನ್ನುವ ವಾರ್ನಿಷ್. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ವಾರ ಕಳೆದ ಮೇಲೆ "ಅತ್ತೆ, ಇದರಲ್ಲಿ ನೀರು ತಣ್ಣಗೇ ಆಗ್ತಿಲ್ಲ, ಮಣ್ಣೇ ಸರಿ ಇಲ್ಲ ಅನ್ಸುತ್ತೆ" ಅಂದಳು. ಮಣ್ಣು ಏನು ಮಾಡೀತು ಕಣಮ್ಮ, ಅದರ ಮೈಗೆಲ್ಲ ಬಣ್ಣ ಬಳಿದು ಉಸಿರು ಕಟ್ಟಿಸಿದ್ದಾರಲ್ಲ ಅಂದೆ. ಆಗ ಅಲ್ಲೇ ಊಟದ ಟೇಬಲ್ಲಿನಲ್ಲಿ ಮೊಮ್ಮಗ ಕಿವಿ ಮುಚ್ಚಿಕೊಂಡು ಉರು ಹೊಡೆಯುತ್ತಿದ್ದ. ಏಳನೇ ಕ್ಲಾಸು. "ಆವಿಯಾಗುವಾಗ ದ್ರವವು ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ, ಉದಾಹರಣೆ ಮಣ್ಣಿನ ಮಡಕೆ." ಉದಾಹರಣೆ ಅವನಿಂದ ಮೂರು ಅಡಿ ದೂರದಲ್ಲಿ ಕೂತಿತ್ತು. ಪುಣ್ಯಾತ್ಮ ತಲೆ ಎತ್ತಿ ನೋಡಲಿಲ್ಲ.

ನಾನು ಮಿಡ್ಲ್ ಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು, ಅದಕ್ಕೇ ಇದೆಲ್ಲ ನೋಡಿದರೆ ಮೈ ಉರಿಯುತ್ತದೆ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆದ ಹುಡುಗಿಯರೇ ಈಗ ಅಡುಗೆಮನೆಯಲ್ಲಿ ನಿಂತು ಮಡಕೆಯನ್ನು ಫ್ರಿಜ್ಜಿನ ಬೆನ್ನಿಗೆ ಒತ್ತಿ ಇಡುತ್ತಾರೆ. ಫ್ರಿಜ್ಜು ಒಳಗಿನ ಬಿಸಿಯನ್ನೆಲ್ಲ ಹಿಂದಕ್ಕೆ, ಪಕ್ಕಕ್ಕೆ ಉಗುಳುತ್ತದೆ ಅಂತ ಗೊತ್ತಿಲ್ವಾ? ಒಂದು ಸಲ ಅಲ್ಲಿ ಅಂಗೈ ಇಟ್ಟು ನೋಡಬಾರದಾ?

ಸರಿ, ಮೊದಲಿನಿಂದ ಹೇಳುತ್ತೇನೆ. ಮಡಕೆ ಕೊಳ್ಳುವಾಗ ಬಣ್ಣ, ಪಾಲಿಶ್, ಚಿತ್ರ ಯಾವುದೂ ಬೇಡ. ಕುಂಬಾರರ ಹತ್ತಿರ ಸಿಗುವ ಬೋಳು ಮಡಕೆಯೇ ಆಗಬೇಕು, ಕೆಂಪಾದರೂ ಸರಿ ಕಪ್ಪಾದರೂ ಸರಿ. ಬೆರಳಿನ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಲೊಟ್ಟ ಲೊಟ್ಟ ಅಂದರೆ ಎಲ್ಲೋ ಬಿರುಕಿದೆ. ಆಮೇಲೆ ಬೆರಳು ಒದ್ದೆ ಮಾಡಿ ಹೊರಮೈಗೆ ಒಂದು ಹನಿ ಹಚ್ಚಿ. ಹನಿ ಜಾರಿ ಕೆಳಗೆ ಇಳಿದರೆ ಆ ಮಡಕೆ ಬಿಡಿ. ಮಣ್ಣು ಅದನ್ನು ಕುಡಿದು ಅಲ್ಲಿ ಕಪ್ಪಗೆ ಒಂದು ಕಲೆ ಮೂಡಿದರೆ ಅದೇ ನಿಮ್ಮದು. ಅಂಗಡಿಯವನು ಏನೆಂದುಕೊಳ್ಳುತ್ತಾನೋ ಅಂತ ನಾಚಿಕೆ ಬೇಡ, ಸೀರೆ ಕೊಳ್ಳುವಾಗ ಇಪ್ಪತ್ತು ಬಿಚ್ಚಿಸುತ್ತೀರಲ್ಲ. ನಲ್ಲಿ ಇರುವುದು ನನಗೆ ಇಷ್ಟವಿಲ್ಲ. ಸಂದಿಯಲ್ಲಿ ಒಸರುತ್ತಲೇ ಇರುತ್ತದೆ, ಒಳಗಡೆ ತಿಕ್ಕಲೂ ಆಗಲ್ಲ. ಉದ್ದ ಹಿಡಿಯ ಸೌಟು ಸಾಕು. ಕೈ ಅದ್ದಬೇಡಿ, ಲೋಟ ಅದ್ದಬೇಡಿ.

ಹೊಸ ಮಡಕೆಯನ್ನು ಒಂದು ಹಗಲು ಒಂದು ರಾತ್ರಿ ಟಬ್ಬಿನಲ್ಲಿ ಮುಳುಗಿಸಿಡಿ. ಮುಳುಗಿಸಿದ ತಕ್ಷಣ ಸುಯ್ ಅಂತ ಸದ್ದು ಬಂದು ಮೈಯಿಂದೆಲ್ಲ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮಣ್ಣಿನ ರಂಧ್ರಗಳಲ್ಲಿ ಕೂತಿದ್ದ ಗಾಳಿ ಅದು, ನೀರು ಒಳಗೆ ಹೋದಂತೆ ಹೊರಗೆ ಬರುತ್ತದೆ. ಮಕ್ಕಳನ್ನು ಆಗ ಕರೆದು ತೋರಿಸಿ. ಆ ನೀರು ಗಿಡಕ್ಕೆ. ಇನ್ನೂ ಎರಡು ಮೂರು ಸಲ ತುಂಬಿ ಚೆಲ್ಲಿದ ಮೇಲೆ, ಮಣ್ಣಿನ ಘಾಟು ಹೋಗಿ ಬರೀ ಪರಿಮಳ ಉಳಿಯಿತು ಅನ್ನಿಸಿದಾಗ ಕುಡಿಯಲು ಶುರು ಮಾಡಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಹತ್ತಿರ ಸುಳಿಯಬಾರದು. ನೀರು ಹೋಗುವ ದಾರಿಯಲ್ಲೇ ಅದೂ ಹೋಗಿ ಕೂರುತ್ತದೆ, ಆಮೇಲೆ ನೀವು ಕುಡಿಯುವುದು ನಿಂಬೆ ವಾಸನೆಯ ನೀರು. ತೆಂಗಿನ ನಾರು ಇದೆಯಲ್ಲ, ಅಷ್ಟೇ.

ದಿನಾ ಕತ್ತಿನವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ಕೆಳಗಿನ ಅರ್ಧ ಮೈ ಮಾತ್ರ ಒದ್ದೆ, ಕೆಲಸವೂ ಅರ್ಧವೇ. ಬಿಸಿಲು ಬೀಳದ, ಗಾಳಿ ಆಡುವ ಕಿಟಕಿ ಪಕ್ಕ ಇಡಿ, ಒಲೆಯಿಂದ ದೂರ. ಬೆಳಿಗ್ಗೆ ಎದ್ದು ನೋಡಿದರೆ ನೀರು ಒಂದು ಬೆರಳಿನಷ್ಟು ಇಳಿದಿರುತ್ತದೆ. ಸೋರುತ್ತಿದೆ ಅಂತ ಗಾಬರಿ ಬೀಳಬೇಡಿ. ಆ ಹೋದ ನೀರೇ ಉಳಿದ ನೀರಿನ ಬಿಸಿಯನ್ನು ಹೊತ್ತುಕೊಂಡು ಹೋಗಿದ್ದು. ಮೊಮ್ಮಗನನ್ನು ಕೂರಿಸಿ ಲೆಕ್ಕ ಮಾಡಿಸಿದೆ. ಮನೆಯ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 100 ಮಿಲಿ, ಅಂದರೆ ಒಂದು ಸಣ್ಣ ಲೋಟ ಆವಿಯಾಗಿ ಹೋದರೆ ಹತ್ತು ಲೀಟರ್ ನೀರನ್ನು ಐದಾರು ಡಿಗ್ರಿ ತಣ್ಣಗೆ ಮಾಡುವಷ್ಟು ಶಾಖ ಹೋದ ಹಾಗೆ. ಹೊರಗಿನ ಸೆಕೆ ಮತ್ತೆ ಒಳಗೆ ಸೇರುತ್ತಲೇ ಇರುತ್ತದೆ, ಆದ್ದರಿಂದ ಅಷ್ಟೂ ಇಳಿಯಲ್ಲ ಅನ್ನಿ. "ಇಷ್ಟೇನಾ ಅಜ್ಜಿ?" ಅಂದ. ಇಷ್ಟೇ ಕಣೋ. ಕರೆಂಟ್ ಬಿಲ್ ಇಲ್ಲ, ಏನಿಲ್ಲ.

ಈಗ ನಾನು ಬರೆಯಲು ಕೂತ ವಿಷಯ. ಮರಳಿನ ಹಾಸಿಗೆ.

ಈಗಿನವರು ಮಡಕೆಯನ್ನು ಗ್ರಾನೈಟ್ ಕಟ್ಟೆಯ ಮೇಲೆ ಹಾಗೇ ಕೂರಿಸುತ್ತಾರೆ. ತಳ ಕಲ್ಲಿಗೆ ಅಂಟಿಕೊಂಡರೆ ಅಲ್ಲಿಂದ ಆವಿ ಹೋಗುವುದು ಹೇಗೆ? ಒಸರಿದ ನೀರು ಕಟ್ಟೆಯ ಮೇಲೆ ಹರಡುತ್ತದೆ, ಅದನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಾರೆ, ಕೊನೆಗೆ ಬೇಜಾರಾಗಿ ಮಡಕೆಯನ್ನೇ ಅಟ್ಟಕ್ಕೆ ಹಾಕುತ್ತಾರೆ. ಮಧುಗಿರಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಹಜಾರದ ಮೂಲೆಯಲ್ಲಿ ಮರಳಿನ ಗುಪ್ಪೆ ಇತ್ತು, ಅದರ ಮೇಲೆ ಗುಡಾಣ. ಒಸರಿದ ನೀರನ್ನೆಲ್ಲ ಮರಳೇ ಕುಡಿಯುತ್ತಿತ್ತು. ಯುಗಾದಿಗೆ ಮುಂಚೆ ಅಜ್ಜಿ ಮರಳು ಬದಲಾಯಿಸಿ ಅದರಲ್ಲಿ ಒಂದು ಹಿಡಿ ರಾಗಿ ಎರಚುತ್ತಿದ್ದಳು. ನಾಲ್ಕೈದು ದಿನಕ್ಕೆ ಗುಡಾಣದ ಸುತ್ತ ಹಸಿರು ಕುಚ್ಚು. ಬಾವಿಯಿಂದ ಸೇದಿ ತಂದ ನೀರು, ಸೊಂಟ ಬಿದ್ದುಹೋಗುತ್ತಿತ್ತು, ಹಾಗಾಗಿ ಒಸರಿದ ನೀರೂ ದಂಡ ಆಗಬಾರದು ಅನ್ನುವುದು ಅವಳ ಹಟ. ಆ ರಾಗಿ ಹುಲ್ಲು ಕರುವಿಗೆ.

ನಾನು ಮಾಡುವ ಕ್ರಮ ಹೇಳುತ್ತೇನೆ, ಒಂದನ್ನೂ ಬಿಡಬೇಡಿ. ಗಾರೆ ಕೆಲಸದವರು ಬಳಸುವ ಪ್ಲಾಸ್ಟಿಕ್ ಬಾಂಡ್ಲಿ ತನ್ನಿ. ಕಬ್ಬಿಣದ್ದು ಬೇಡ, ತುಕ್ಕು ಹಿಡಿಯುತ್ತದೆ. ಮಡಕೆ ಕೂತ ಮೇಲೂ ಸುತ್ತ ನಾಲ್ಕು ಬೆರಳು ಜಾಗ ಉಳಿಯುವಷ್ಟು ಅಗಲ ಇರಲಿ. ಮರಳನ್ನು ನೀರು ತಿಳಿಯಾಗುವ ತನಕ ತೊಳೆಯಿರಿ. ಈಗ ಸಿಗುವ ಎಂ-ಸ್ಯಾಂಡ್ ಆದರೆ ಕಲ್ಲಿನ ಪುಡಿ ಜಾಸ್ತಿ, ಹಾಲಿನ ಹಾಗೆ ಬಿಳಿ ನೀರು ಬರುತ್ತದೆ, ಅದು ಹೋಗುವವರೆಗೂ ತೊಳೆಯಬೇಕು, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಗಟ್ಟಿ ಕೂರುತ್ತದೆ. ತೊಳೆದ ನೀರು ಅಂಗಳಕ್ಕೆ, ಬಚ್ಚಲಿಗಲ್ಲ, ಪೈಪು ಕಟ್ಟಿಕೊಂಡರೆ ನನ್ನನ್ನು ಬೈಯಬೇಡಿ. ಮರಳನ್ನು ಒಂದು ದಿನ ಬಿಸಿಲಿಗೆ ಹರಡಿ. ಆಮೇಲೆ ಬಾಂಡ್ಲಿಯಲ್ಲಿ ಗೇಣು ಹತ್ತಿರ ಹತ್ತಿರ ತುಂಬಿ, ನಡುವೆ ಮುಷ್ಟಿಯಿಂದ ಒತ್ತಿ ಗುಳಿ ಮಾಡಿ, ಮಡಕೆ ಅಲ್ಲಾಡದ ಹಾಗೆ ಕೂರಬೇಕು. ಸಿಂಬಿಯ ಮೇಲೆ ಬಿಂದಿಗೆ ಕೂರುತ್ತದಲ್ಲ, ಹಾಗೆ.

ಮರಳು ಒದ್ದೆ ಇರಬೇಕು, ನೀರು ನಿಲ್ಲಬಾರದು. ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನಿಂತಿತೋ, ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದ ಹಾಗೆ. ಮೊದಲ ದಿನ ಮಾತ್ರ ಕೈಯಿಂದ ಚಿಮುಕಿಸಿ, ಆಮೇಲೆ ಮಡಕೆಯೇ ನೋಡಿಕೊಳ್ಳುತ್ತದೆ.

ನಾನು ರಾಗಿ ಒಂದು ಕಡೆ, ಮೆಂತ್ಯ ಒಂದು ಕಡೆ ಹಾಕುತ್ತೇನೆ. ಮೆಂತ್ಯವನ್ನು ರಾತ್ರಿ ನೆನೆಸಿಡಿ. ಒತ್ತೊತ್ತಾಗಿ ಹರಡಿ ಮೇಲೆ ತೆಳ್ಳಗೆ ಮರಳು ಉದುರಿಸಿ, ಹೂತುಬಿಡಬೇಡಿ. ಎರಡು ಮೂರು ದಿನಕ್ಕೆ ಮೊಳಕೆ, ಹತ್ತು ಹನ್ನೆರಡು ದಿನಕ್ಕೆ ಕತ್ತರಿಯಿಂದ ಕತ್ತರಿಸಿದರೆ ಒಂದು ಸಣ್ಣ ಬೇಳೆ ಪಲ್ಯಕ್ಕೆ ಆಗುತ್ತದೆ. ಗೊಬ್ಬರ ಹಾಕಬೇಡಿ, ಪಕ್ಕದಲ್ಲಿ ಕುಡಿಯುವ ನೀರಿದೆ. ಗೊಬ್ಬರ ಇಲ್ಲದೆ ಹೇಗೆ ಬೆಳೆಯುತ್ತದೆ ಅಂತ ಸೊಸೆಗೆ ಅನುಮಾನ. ಮೊದಲ ಎರಡು ಎಲೆ ಬರುವವರೆಗೆ ಬೀಜ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ, ಅಷ್ಟರೊಳಗೆ ನಾವು ಕೊಯ್ದುಬಿಡುತ್ತೇವಲ್ಲ.

ಗಿಡಗಳೆಲ್ಲ ಕಿಟಕಿಯ ಕಡೆಗೇ ವಾಲಿದ್ದವು. ಮೊಮ್ಮಗನಿಗೆ ಬಾಂಡ್ಲಿಯನ್ನು ಅರ್ಧ ಸುತ್ತು ತಿರುಗಿಸು ಅಂದೆ. ಮಾರನೇ ದಿನ ಸ್ಕೂಲಿಂದ ಬಂದು ಬ್ಯಾಗೂ ಇಳಿಸದೆ ನೋಡಿದ, ಅಷ್ಟೂ ಗಿಡ ಕತ್ತು ತಿರುಗಿಸಿ ಮತ್ತೆ ಕಿಟಕಿ ನೋಡುತ್ತಿದ್ದವು. ಇನ್ನೊಂದು ದಿನ ಬೆಳಿಗ್ಗೆ ಆರು ಗಂಟೆಗೆ ನಾನೇ ಅವನನ್ನು ಎಬ್ಬಿಸಿದೆ. ರಾಗಿ ಗರಿಗಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ, ಪ್ರತಿಯೊಂದರ ತುದಿಯಲ್ಲೂ ಒಂದೊಂದು. "ಇಬ್ಬನಿ" ಅಂದ. ಮನೆಯೊಳಗೆ, ಅದೂ ಏಪ್ರಿಲ್ಲಿನಲ್ಲಿ ಇಬ್ಬನಿ ಎಲ್ಲಿಂದ ಬರುತ್ತದೋ? ರಾತ್ರಿ ಪೂರ್ತಿ ಬೇರು ನೀರು ಎಳೆದಿದೆ, ಎಲೆಯಿಂದ ಆವಿಯಾಗಿ ಹೋಗಿದ್ದು ಕಡಿಮೆ, ಮಿಕ್ಕಿದ್ದು ತುದಿಯಿಂದ ಹನಿಯಾಗಿ ಹೊರಗೆ ಬಂದಿದೆ. ಅವನು ಬೆರಳಲ್ಲಿ ಒಂದು ಹನಿ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದ, ಆಮೇಲೆ ನಾನು ಬೇಡ ಅನ್ನುವಷ್ಟರಲ್ಲಿ ನೆಕ್ಕಿದ.

ಇಷ್ಟೆಲ್ಲ ಮಾಡಿಯೂ ನೀರು ತಣ್ಣಗಾಗಲಿಲ್ಲ ಅಂತ ಮಂಗಳೂರಿನಿಂದ ನನ್ನ ಮಗಳು ಫೋನ್ ಮಾಡಿದಳು. ಅಲ್ಲಿ ಆಗಲ್ಲ ಕಣೇ. ಕಡಲ ತೀರದ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುತ್ತದೆ, ಇನ್ನಷ್ಟು ಆವಿ ಹಿಡಿಸಲು ಅದಕ್ಕೆ ಜಾಗ ಇಲ್ಲ. ಹಗ್ಗದ ಮೇಲೆ ಬಟ್ಟೆ ಎರಡು ದಿನವಾದರೂ ಒಣಗದ ಊರಲ್ಲಿ ಮಡಕೆಯೂ ತಣಿಸಲ್ಲ. ರಾಯಚೂರು, ಕಲಬುರಗಿಯ ಒಣ ಬೇಸಿಗೆಯಲ್ಲಿ ನೋಡಿ, ಮಡಕೆ ನೀರು ಹಲ್ಲು ಜುಂ ಅನ್ನಿಸುತ್ತದೆ. ಕ್ಲಾಸಿನಲ್ಲಿ ಎರಡು ಥರ್ಮಾಮೀಟರ್ ಇಟ್ಟು, ಒಂದರ ಬುಡಕ್ಕೆ ಒದ್ದೆ ಹತ್ತಿ ಸುತ್ತಿ ತೋರಿಸುತ್ತಿದ್ದೆ. ಮಾರ್ಚಿನಲ್ಲಿ ಎರಡರ ನಡುವೆ ದೊಡ್ಡ ಅಂತರ, ಜುಲೈ ಮಳೆಯಲ್ಲಿ ಹೆಚ್ಚುಕಡಿಮೆ ಒಂದೇ.

ಮಡಕೆ ತಣಿಸುತ್ತದೆ, ಶುದ್ಧ ಮಾಡಲ್ಲ, ಇದನ್ನು ಮಾತ್ರ ಮರೆಯಬೇಡಿ. ಕುದಿಸಿ ಆರಿಸಿದ ನೀರನ್ನೇ ಹಾಕಿ. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಇರುತ್ತದೆ, ಅದು ಕುದಿಸಿದರೂ ಹೋಗಲ್ಲ, ಮಡಕೆಗೆ ಹಾಕಿದರೂ ಹೋಗಲ್ಲ. ಹಲ್ಲು ಕಂದು ಗೆರೆ ಬಿದ್ದ ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದೇನೆ, ಹಲ್ಲುಜ್ಜಲ್ವಾ ಅಂತ ಮೊದಲ ವರ್ಷ ಗದರಿಸಿಯೂ ಇದ್ದೇನೆ, ಈಗಲೂ ನೆನೆದರೆ ಕಸಿವಿಸಿ. ಅಂಥ ಊರಲ್ಲಿ ಕುಡಿಯಲು ಬೇರೆ ನೀರೇ ತರಬೇಕು.

ಸೊಳ್ಳೆ ಅಂದೆನಲ್ಲ, ಡ್ರಮ್ಮಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ನೀಲಿ ಡ್ರಮ್ಮು. ವಾರಕ್ಕೊಮ್ಮೆ ಖಾಲಿ ಮಾಡಿ ಅಂದರೆ ನೀರು ಚೆಲ್ಲಿ, ಹಾಗೇ ಮತ್ತೆ ತುಂಬಿಸುತ್ತಾರೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿಗಿಂತ ಒಂಚೂರು ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿಸಿ. ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ಮತ್ತೆ ನೀರು ತಾಗಿತೋ, ಮರಿ. ಆದ್ದರಿಂದ ನಾರಿನಿಂದ ಗೋಡೆ ತಿಕ್ಕಬೇಕು, ಬರೀ ಚೆಲ್ಲಿದರೆ ನೀರೂ ದಂಡ, ಸೊಳ್ಳೆಯೂ ಹಾಗೇ. ಡ್ರಮ್ಮನ್ನು ಬಗ್ಗಿಸಿ ಬೆನ್ನು ಮುರಿದುಕೊಳ್ಳಬೇಡಿ, ಪೈಪಿಗೆ ಪೂರ್ತಿ ನೀರು ತುಂಬಿ ಎರಡೂ ಕಡೆ ಹೆಬ್ಬೆಟ್ಟು ಒತ್ತಿ, ಒಂದು ತುದಿ ಡ್ರಮ್ಮಿನೊಳಗೆ, ಇನ್ನೊಂದು ಕೆಳಗಿನ ಬಕೆಟ್ಟಿಗೆ ಇಳಿಬಿಟ್ಟು ಬೆರಳು ತೆಗೆಯಿರಿ, ನೀರು ತಾನೇ ಇಳಿಯುತ್ತದೆ. ಆ ನೀರಲ್ಲಿ ನೆಲ ಒರೆಸಿ. ಬೆಂಗಳೂರಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪು ಎತ್ತಿದ ನೀರು. ಸೇದುವ ಕಷ್ಟ ನಮ್ಮ ಸೊಂಟಕ್ಕೆ ಗೊತ್ತಾಗಲ್ಲ ಅಷ್ಟೇ.

ಒಂದೆರಡು ಬೇಸಿಗೆ ಕಳೆದರೆ ಎಂಥ ಒಳ್ಳೆ ಮಡಕೆಯೂ ಮಂಕಾಗುತ್ತದೆ. ಗಡಸು ನೀರಿನ ಸುಣ್ಣ ರಂಧ್ರಗಳಲ್ಲಿ ಕೂತು ಹೊರಮೈ ಬೆಳ್ಳಗಾಗುತ್ತದೆ. ನಾರಿನಿಂದ ತಿಕ್ಕಿ ಬಿಸಿಲಿಗಿಟ್ಟರೆ ಸ್ವಲ್ಪ ದಿನ ಬರುತ್ತದೆ, ಆಮೇಲೆ ಹೊಸದು ತನ್ನಿ. ಹಳೆಯದನ್ನು ಎಸೆಯಬೇಡಿ, ತಳದಲ್ಲಿ ತೂತು ಕೊರೆದು ಬತ್ತಿ ತುರುಕಿ ಗಿಡದ ಬುಡದಲ್ಲಿ ಹೂತರೆ ಗಿಡಕ್ಕೆ ನೀರುಣಿಸಲು ಆಗುತ್ತದೆ.

ಸೊಸೆಯ ವಾರ್ನಿಷ್ ಮಡಕೆ ಏನಾಯಿತು ಅಂತ ಕೇಳುತ್ತೀರಿ. ಅದಕ್ಕೆ ತೂತು ಕೊರೆಯುವ ಕೆಲಸವೂ ಇರಲಿಲ್ಲ. ನಲ್ಲಿ ಬಿಚ್ಚಿ, ಆ ತೂತಿಗೆ ಹಳೆ ಕಾಟನ್ ಸೀರೆಯ ಬತ್ತಿ ಬಿಗಿಯಾಗಿ ತುರುಕಿ, ಕಾಂಪೌಂಡ್ ಪಕ್ಕದ ಕರಿಬೇವಿನ ಬುಡದಲ್ಲಿ ಕತ್ತಿನವರೆಗೆ ಹೂತೆವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸೋಸಿ ಅದಕ್ಕೆ ಹುಯ್ಯುತ್ತೇವೆ, ಬತ್ತಿ ನಿಧಾನವಾಗಿ ಬೇರಿಗೆ ಉಣಿಸುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಮೇಲೆ ತಟ್ಟೆ ಮುಚ್ಚಿದ್ದೇವೆ, ಸೊಳ್ಳೆಗೆ. ವರ್ಲಿ ಗೊಂಬೆಗಳು ಈಗ ಮಣ್ಣೊಳಗೆ ಕುಣಿಯುತ್ತಿವೆ, ಕರಿಬೇವು ಮಾತ್ರ ಈ ಬೇಸಿಗೆಯಲ್ಲಿ ಎಲೆ ಉದುರಿಸಿಲ್ಲ.